ಸರ್ಕಾರದ ಹಣದುಬ್ಬರ, ನಮ್ಮ ಮನೆ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ತಿಂಗಳ 12ನೇ ತಾರೀಖು ಬಂತೆಂದರೆ ಟಿವಿಯಲ್ಲಿ ಹಣದುಬ್ಬರದ ಹೊಸ ಅಂಕಿ ಬರುತ್ತದೆ. ಅದರ ಬೆನ್ನಿಗೇ ಓದುಗರ ಪತ್ರಗಳು, ಪರಿಚಯದವರ ಫೋನ್‌ಗಳು ಶುರುವಾಗುತ್ತವೆ. ಬಹುತೇಕರದ್ದು ಒಂದೇ ಸಿಟ್ಟು: "ಇವರು ಯಾವ ಅಂಗಡಿಗೆ ಹೋಗ್ತಾರೆ?" ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ಕಗ್ಗಂಟಿನದ್ದು ಆಮೇಲೆ. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ಹಣದುಬ್ಬರ ಇಳಿದಿದೆ ಅಂತಾರೆ. ಹಾಗಾದ್ರೆ ಬೆಲೆ ಯಾಕೆ ಇಳಿದಿಲ್ಲ?

ಹಣದುಬ್ಬರ ಇಳಿಯುವುದು ಬೇರೆ, ಬೆಲೆ ಇಳಿಯುವುದು ಬೇರೆ. ಹೋದ ವರ್ಷ 100 ರೂಪಾಯಿ ಇದ್ದದ್ದು ಈ ವರ್ಷ 107 ಆದರೆ ಹಣದುಬ್ಬರ ಶೇ 7. ಬರುವ ವರ್ಷ ಅದೇ ವಸ್ತು 109 ಆದರೆ ಹಣದುಬ್ಬರ ಶೇ 2ಕ್ಕಿಂತ ಕಡಿಮೆ. ಪೇಪರ್‌ನಲ್ಲಿ "ಹಣದುಬ್ಬರ ಭಾರಿ ಇಳಿಕೆ" ಎಂದು ಬರುತ್ತದೆ. ನಿಮ್ಮ ಜೇಬಿನಿಂದ ಹೋಗುವುದು ಮಾತ್ರ 109. ಮೊದಲು ಏರಿದ 7 ರೂಪಾಯಿ ಎಲ್ಲೂ ವಾಪಸ್ ಬಂದಿಲ್ಲ.

ಸಂಬಳ ಅದೇ ಹೊತ್ತಿಗೆ 100ರಿಂದ 109ಕ್ಕೆ ಏರಿದ್ದರೆ ನಿಮಗೆ ನೋವು ಗೊತ್ತಾಗುವುದಿಲ್ಲ. 103ಕ್ಕೆ ನಿಂತಿದ್ದರೆ ಹಣದುಬ್ಬರ ಶೇ 2 ಇರಲಿ, ಸೊನ್ನೆಯೇ ಇರಲಿ, ತಿಂಗಳ ಕೊನೆಯಲ್ಲಿ ಕೈ ಖಾಲಿ. "ಬೆಲೆ ಜಾಸ್ತಿ" ಎಂದು ಜನ ಹೇಳುವಾಗ ಬಹಳ ಸಲ ಹೇಳುತ್ತಿರುವುದು "ಸಂಬಳ ಸಾಲುತ್ತಿಲ್ಲ" ಎಂಬುದನ್ನೇ. ಆ ದೂರನ್ನು ಹಣದುಬ್ಬರದ ಅಂಕಿ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೆ ನಿಮ್ಮ ಸಂಬಳ ಎಷ್ಟೆಂದೇ ಗೊತ್ತಿಲ್ಲ.

ಈ ಲೆಕ್ಕ ಮಾಡೋದು ಯಾರು? ನಮ್ಮ ಮನೆಗೆ ಯಾರೂ ಬಂದು ಕೇಳಿಲ್ಲವಲ್ಲ?

ಕೇಂದ್ರದ ಅಂಕಿಅಂಶ ಸಚಿವಾಲಯದ ಕೆಳಗೆ ಬರುವ ರಾಷ್ಟ್ರೀಯ ಅಂಕಿಅಂಶ ಕಚೇರಿ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಬೆಲೆ ಕೇಳುವುದು. ಬಾಡಿಗೆ ಕೇಳುವುದೊಂದು ಬಿಟ್ಟರೆ ಇದಕ್ಕೆ ಸಿಬ್ಬಂದಿ ಮನೆಗೆ ಬರುವುದಿಲ್ಲ, ಅಂಗಡಿಗೆ ಹೋಗುತ್ತಾರೆ. 2012 ಆಧಾರ ವರ್ಷದ ಸರಣಿಯಲ್ಲಿ (2012ರ ಬೆಲೆಯನ್ನು 100 ಎಂದು ಹಿಡಿದ ಲೆಕ್ಕ, 2026ರ ಆರಂಭದವರೆಗೆ ಇದೇ ಇತ್ತು) 1,181 ಹಳ್ಳಿಗಳು ಮತ್ತು ಪಟ್ಟಣಗಳ 1,114 ಮಾರುಕಟ್ಟೆಗಳಿಂದ ಬೆಲೆ ತರುತ್ತಿದ್ದರು. ಒಂದೇ ಅಂಗಡಿ, ಒಂದೇ ಗುಣಮಟ್ಟದ ವಸ್ತು, ತಿಂಗಳಿಂದ ತಿಂಗಳಿಗೆ.

ಎರಡನೆಯದು, ಮನೆಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಎಂದು ಕೇಳುವುದು. ಇದಕ್ಕೆ ಮನೆಗೇ ಬರುತ್ತಾರೆ. ಆದರೆ ಇದು ಎಷ್ಟೋ ವರ್ಷಕ್ಕೊಮ್ಮೆ ನಡೆಯುವ ಸಮೀಕ್ಷೆ. ದೇಶದ ಕೋಟ್ಯಂತರ ಮನೆಗಳಲ್ಲಿ ಕೆಲವು ಲಕ್ಷ ಮನೆಗಳನ್ನು ಮಾತ್ರ ಆರಿಸುತ್ತಾರೆ. ನಿಮ್ಮ ಮನೆ ಸಿಗದೇ ಇರುವುದೇ ಸಹಜ.

ಬುಟ್ಟಿ, ಬುಟ್ಟಿ ಅಂತಾರಲ್ಲ, ಅದರಲ್ಲಿ ಏನೇನಿದೆ?

ಬೆಲೆ ಅಳೆಯಲು ಆರಿಸಿಕೊಂಡ ವಸ್ತು, ಸೇವೆಗಳ ಪಟ್ಟಿಯೇ ಬುಟ್ಟಿ. ಅಕ್ಕಿ, ಬೇಳೆ, ಹಾಲು, ತರಕಾರಿಯಿಂದ ಹಿಡಿದು ಬಸ್ ಟಿಕೆಟ್, ಡಾಕ್ಟರ್ ಫೀಸ್, ಟ್ಯೂಷನ್, ಕಟಿಂಗ್ ಶಾಪ್‌ನ ರೇಟ್‌ವರೆಗೆ ಎಲ್ಲವೂ. 2012ರ ಸರಣಿಯಲ್ಲಿ 299 ಬಾಬ್ತುಗಳಿದ್ದವು. ಪ್ರತಿಯೊಂದಕ್ಕೂ ಒಂದು ತೂಕ, ಅಂದರೆ ಒಟ್ಟು ಖರ್ಚಿನಲ್ಲಿ ಅದರ ಪಾಲು. ನೂರರಲ್ಲಿ ಆಹಾರಕ್ಕೆ ಸುಮಾರು 46, ವಸತಿಗೆ 10, ಬಟ್ಟೆ ಚಪ್ಪಲಿಗೆ 6.5, ಅಡುಗೆ ಅನಿಲ ಮತ್ತು ಕರೆಂಟಿಗೆ 7ರ ಹತ್ತಿರ. ಓದು, ಆರೋಗ್ಯ, ಓಡಾಟ, ಫೋನ್ ಮುಂತಾದ ಎಲ್ಲಕ್ಕೂ ಸೇರಿ 28.

ತೂಕ ಯಾಕೆ ಮುಖ್ಯ ಅಂದರೆ, ಏಲಕ್ಕಿ ದುಪ್ಪಟ್ಟಾದರೂ ಅಂಕಿ ಅಲುಗುವುದಿಲ್ಲ, ಅಕ್ಕಿ ಶೇ 10 ಏರಿದರೆ ಅಲುಗುತ್ತದೆ. ಇದು ಸರಿಯೇ. ಜಗಳ ಇರುವುದು ಆ ತೂಕಗಳು ಯಾರವು, ಯಾವ ಕಾಲದವು ಎಂಬುದರಲ್ಲಿ. ಅದಕ್ಕೆ ಕೆಳಗೆ ಬರುತ್ತೇನೆ.

ಸಗಟು ಹಣದುಬ್ಬರ, ಚಿಲ್ಲರೆ ಹಣದುಬ್ಬರ ಅಂತ ಎರಡು ಯಾಕೆ?

ಸಗಟು ಬೆಲೆ ಸೂಚ್ಯಂಕ ವ್ಯಾಪಾರದ ಮೊದಲ ಹಂತದ ಬೆಲೆ ನೋಡುತ್ತದೆ. ಕಬ್ಬಿಣ, ರಾಸಾಯನಿಕ, ಕಚ್ಚಾ ಸಾಮಗ್ರಿ ಎಲ್ಲ ಅದರಲ್ಲಿವೆ. ಶಾಲೆ, ಆಸ್ಪತ್ರೆ, ಬಾಡಿಗೆ ಇಲ್ಲವೇ ಇಲ್ಲ. ಮನೆ ಖರ್ಚಿನ ಮಾತು ಬಂದಾಗ ಅದನ್ನು ಮರೆತುಬಿಡಿ. ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಸಿಪಿಐ ಮಾತ್ರ ನೋಡಿ.

## ನಮ್ಮ ಮನೆ ಲೆಕ್ಕಕ್ಕೆ ತಾಳೆ ಆಗದ್ದು

2025ರ ಅಕ್ಟೋಬರ್‌ನಲ್ಲಿ ಹಣದುಬ್ಬರ 0.25 ಅಂದ್ರು. ಇದೇನು ತಮಾಷೆನಾ?

ಈ ಪ್ರಶ್ನೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ. ಆ ಸರಣಿ ಶುರುವಾದ ಮೇಲೆ ಅಷ್ಟು ಕೆಳಗಿನ ಅಂಕಿ ಬಂದದ್ದು ಅದೇ ಮೊದಲು. ತಮಾಷೆ ಅಲ್ಲ, ಆದರೆ ಬಿಡಿಸಿ ನೋಡಬೇಕು.

ತರಕಾರಿ ತೆಗೆದುಕೊಳ್ಳಿ. 2024ರ ಅಕ್ಟೋಬರ್‌ನಲ್ಲಿ ತರಕಾರಿ ಬೆಲೆ ಅದರ ಹಿಂದಿನ ವರ್ಷಕ್ಕಿಂತ ಶೇ 42 ಏರಿತ್ತು. 2025ರ ಅಕ್ಟೋಬರ್‌ನಲ್ಲಿ ಶೇ 27ಕ್ಕೂ ಜಾಸ್ತಿ ಇಳಿಯಿತು. ಈಗ ಕೂಡಿಸಿ ಕಳೆಯಿರಿ: 100 ಇದ್ದದ್ದು 142 ಆಯಿತು, ಆಮೇಲೆ ಸುಮಾರು 103ಕ್ಕೆ ಬಂತು. ಅಂದರೆ ತರಕಾರಿ ಅಗ್ಗವಾಗಲಿಲ್ಲ, ಎರಡು ವರ್ಷದ ಹಿಂದಿನ ಬೆಲೆಗೆ ಮರಳಿತು. ಆದರೆ ಲೆಕ್ಕ ವರ್ಷದಿಂದ ವರ್ಷಕ್ಕೆ ಮಾತ್ರ, ಹಾಗಾಗಿ ಭಾರಿ ಕುಸಿತ ಕಾಣಿಸಿತು. ಆಹಾರದ ತೂಕ 46 ಇರುವಾಗ ಆ ಕುಸಿತ ಇಡೀ ಅಂಕಿಯನ್ನೇ ಎಳೆದುಕೊಂಡು ಹೋಯಿತು. ಇದರ ಜೊತೆಗೆ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿತ್ತು.

ಅದೇ ತಿಂಗಳು ಚಿನ್ನದ ಬೆಲೆ ಹಿಂದಿನ ವರ್ಷಕ್ಕಿಂತ ಅರ್ಧದಷ್ಟಕ್ಕೂ ಜಾಸ್ತಿ ಏರಿತ್ತು. ಬಾಡಿಗೆ, ಫೀಸ್ ಏರುತ್ತಲೇ ಇದ್ದವು. ಏರಿದ್ದನ್ನೂ ಇಳಿದದ್ದನ್ನೂ ಕೂಡಿಸಿದಾಗ 0.25 ಬಂತು. ತರಕಾರಿಗೆ ಕಡಿಮೆ, ಬಾಡಿಗೆ ಫೀಸಿಗೆ ಜಾಸ್ತಿ ಸುರಿಯುವ ಮನೆಗೆ ಆ ಸೊನ್ನೆಯ ಹತ್ತಿರದ ಅಂಕಿ ಪರಕೀಯವೆನಿಸಿದ್ದರಲ್ಲಿ ತಪ್ಪಿಲ್ಲ.

ಬೆಂಗಳೂರಲ್ಲಿ ಬಾಡಿಗೆ ಹೋದ ಹಾಗೆ ಹೋಗ್ತಿದೆ. ಸರ್ಕಾರದ ಲೆಕ್ಕದಲ್ಲಿ ಮನೆ ಬಾಡಿಗೆ ಬರೀ 3 ಪರ್ಸೆಂಟ್ ಏರಿದೆಯಂತೆ. ಹೇಗೆ ಸಾಧ್ಯ?

2025ರಲ್ಲಿ ಸಿಪಿಐನ ವಸತಿ ಹಣದುಬ್ಬರ ಶೇ 3ರ ಸುತ್ತಮುತ್ತವೇ ಇತ್ತು. ನನ್ನ ಮಟ್ಟಿಗೆ ಇಡೀ ಸೂಚ್ಯಂಕದ ಅತಿ ದುರ್ಬಲ ಭಾಗ ಇದು. ಕಾರಣ ಹಲವು.

ಮೊದಲನೆಯದು, ಅದು ದೇಶದ ಎಲ್ಲ ನಗರ ಪಟ್ಟಣಗಳ ಸರಾಸರಿ. ಮಾರತ್‌ಹಳ್ಳಿಯ ಎರಡು ಬೆಡ್‌ರೂಮ್ ಫ್ಲ್ಯಾಟಿನ ಜೊತೆಗೆ ಬಿಹಾರದ ಸಣ್ಣ ಪಟ್ಟಣದ ಬಾಡಿಗೆಯೂ ಸೇರುತ್ತದೆ. ಎರಡನೆಯದು, ಇದು ಹಳೇ ಬಾಡಿಗೆದಾರರನ್ನೂ ಸೇರಿಸಿದ ಲೆಕ್ಕ. ಹನ್ನೊಂದು ತಿಂಗಳ ಕರಾರು ಮುಗಿದಾಗ ಶೇ 5 ಕೊಟ್ಟು ಅಲ್ಲೇ ಉಳಿದವರು ಜಾಸ್ತಿ. ಹೊಸ ಮನೆ ಹುಡುಕುವವರಿಗೆ ಹೇಳುವ ರೇಟ್ ಬೇರೆಯೇ. 2022, 2023ರಲ್ಲಿ ಕಂಪನಿಗಳು ಎಲ್ಲರನ್ನೂ ಆಫೀಸಿಗೆ ಕರೆದಾಗ ಹೊಸಬರು ಕೊಟ್ಟ ಬೆಲೆ ನಮ್ಮ ಕಣ್ಣಿಗೆ ಬಿತ್ತು, ಹಳಬರದ್ದು ಬೀಳಲಿಲ್ಲ. ಮೂರನೆಯದು, ಒಂದೊಂದು ಮನೆಯ ಬಾಡಿಗೆಯನ್ನು ಆರು ತಿಂಗಳಿಗೊಮ್ಮೆ ಕೇಳುತ್ತಿದ್ದರು. ಹಾಗಾಗಿ ಏರಿಕೆ ಅಂಕಿಗೆ ಬರುವುದೇ ತಡ.

ನಾಲ್ಕನೆಯದು ವಿಚಿತ್ರ. ಹಳೇ ಸರಣಿಯಲ್ಲಿ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಇರುವವರ ಮನೆ ಬಾಡಿಗೆ ಭತ್ಯೆಯನ್ನೂ ಬಾಡಿಗೆ ಎಂದೇ ಲೆಕ್ಕ ಹಿಡಿಯುತ್ತಿದ್ದರು. 2017ರ ಜುಲೈನಲ್ಲಿ ಏಳನೇ ವೇತನ ಆಯೋಗದ ಭತ್ಯೆ ಏರಿದಾಗ ದೇಶದ ವಸತಿ ಹಣದುಬ್ಬರವೇ ಜಿಗಿಯಿತು. ಒಬ್ಬ ಮಾಲೀಕನೂ ಬಾಡಿಗೆ ಏರಿಸದೇ ಇದ್ದರೂ ಅಂಕಿ ಏರುತ್ತಿತ್ತು! ರಿಸರ್ವ್ ಬ್ಯಾಂಕ್ ಕೂಡ ಭತ್ಯೆಯ ಪರಿಣಾಮ ಕಳೆದು ಬೇರೆ ಅಂಕಿ ತೋರಿಸಬೇಕಾಯಿತು.

ಹಳ್ಳಿಗಳ ಬಾಡಿಗೆಯಂತೂ ಆ ಸರಣಿಯಲ್ಲಿ ಇರಲೇ ಇಲ್ಲ. 2024 ಆಧಾರ ವರ್ಷದ ಹೊಸ ಸರಣಿಯಲ್ಲಿ ಅದನ್ನು ಸೇರಿಸಿದ್ದಾರೆ. ಇನ್ನು ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್? ಅದು ವಾಪಸ್ ಬರುವ ದುಡ್ಡು, ಹಾಗಾಗಿ ಖರ್ಚಲ್ಲ. ಎರಡು ಲಕ್ಷ ಮಾಲೀಕರ ಹತ್ತಿರ ಬಡ್ಡಿಯಿಲ್ಲದೆ ಕೂತಿರುವುದು ಯಾವ ಸೂಚ್ಯಂಕಕ್ಕೂ ಕಾಣುವುದಿಲ್ಲ.

ನಮ್ಮದು ಸ್ವಂತ ಮನೆ, ತಿಂಗಳಿಗೆ 35 ಸಾವಿರ ಇಎಂಐ. ಅದು ಎಲ್ಲಿ ಲೆಕ್ಕಕ್ಕೆ ಬರುತ್ತೆ?

ಬರುವುದಿಲ್ಲ. ಮನೆ, ಸೈಟು ಆಸ್ತಿ, ಬಳಕೆಯ ವಸ್ತು ಅಲ್ಲ ಎಂಬುದು ಅಂಕಿಅಂಶದವರ ನಿಲುವು. ಸಾಲದ ಬಡ್ಡಿಯೂ ಹೊರಗೆ. ಆದಾಯ ತೆರಿಗೆಯೂ ಹೊರಗೆ. ಸೈಟಿನ ಬೆಲೆ ಮೂರು ಪಟ್ಟಾದರೂ ಸಿಪಿಐ ತಲೆ ಕೆಡಿಸಿಕೊಳ್ಳುವುದಿಲ್ಲ. ತರ್ಕ ಸರಿ ಇದೆ: ಮನೆ ಕೊಂಡವರಿಗೆ ಅದರ ಬೆಲೆ ಏರಿದರೆ ಲಾಭವೇ. ಆದರೆ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಏರಿ ಇಎಂಐ ಎರಡು ಸಾವಿರ ಜಾಸ್ತಿಯಾದ ಮನೆಗೆ ಆ ತರ್ಕದಿಂದ ಅನ್ನ ಬೇಯುವುದಿಲ್ಲ. ಅದರಲ್ಲೂ ಹಣದುಬ್ಬರ ತಗ್ಗಿಸಲೆಂದೇ ಬಡ್ಡಿ ಏರಿಸುತ್ತಾರೆ. ಅಂಕಿ ಇಳಿಯುತ್ತದೆ, ನಿಮ್ಮ ಖರ್ಚು ಏರುತ್ತದೆ.

ಸ್ಕೂಲ್ ಫೀಸ್ ವರ್ಷವರ್ಷ 10–12 ಪರ್ಸೆಂಟ್ ಏರಿಸ್ತಾರೆ. ಸರ್ಕಾರದ ಅಂಕಿಗೆ ಇದು ತಿಳಿದೇ ಇಲ್ವಾ?

ತಿಳಿದಿದೆ, ಆದರೆ ಪಾಲು ಚಿಕ್ಕದು. 2012ರ ಸರಣಿಯಲ್ಲಿ ಓದಿಗೆ ನೂರರಲ್ಲಿ 4.5ರಷ್ಟು, ಆರೋಗ್ಯಕ್ಕೆ 6ರ ಹತ್ತಿರ. ಇದು ಮಕ್ಕಳಿಲ್ಲದ ಮನೆ, ಸರ್ಕಾರಿ ಶಾಲೆಗೆ ಕಳಿಸುವ ಮನೆ, ಎಲ್ಲವನ್ನೂ ಸೇರಿಸಿದ ಸರಾಸರಿ. ಇಬ್ಬರು ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ಮನೆಯಲ್ಲಿ ಆ ಪಾಲು ಸುಲಭವಾಗಿ 20 ದಾಟುತ್ತದೆ. ಆಸ್ಪತ್ರೆಯದ್ದು ಇನ್ನೂ ಕಷ್ಟ. ಅದು ಎಲ್ಲ ಮನೆಗೂ ಪ್ರತಿ ತಿಂಗಳು ಬರುವ ಖರ್ಚಲ್ಲ. ಬಂದವರಿಗೆ ಒಂದೇ ಸಲ ಬರುತ್ತದೆ, ಸರಾಸರಿಯಲ್ಲಿ ಕರಗಿ ಹೋಗುತ್ತದೆ.

ಬಸ್ ಚಾರ್ಜ್ ಏರಿತು, ಮೆಟ್ರೊ ಏರಿತು. ಇನ್ನೊಂದು ಕಡೆ ಹೆಂಗಸರಿಗೆ ಬಸ್ಸೇ ಫ್ರೀ. ಇದನ್ನೆಲ್ಲ ಹೇಗೆ ಲೆಕ್ಕ ಹಾಕೋದು?

ಕರ್ನಾಟಕದ ಮನೆಗಳಿಗೆ ಇದು ನಿಜವಾದ ಗೋಜಲು. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15 ಏರಿತು. ಫೆಬ್ರವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಎಷ್ಟೋ ಮನೆಗಳಿಗೆ ಕರೆಂಟ್ ಬಿಲ್ ಸೊನ್ನೆ.

ಹಾಗಾಗಿ ಒಂದೇ ಬೀದಿಯ ಎರಡು ಮನೆಗಳಲ್ಲಿ ಓಡಾಟದ ಖರ್ಚು ವಿರುದ್ಧ ದಿಕ್ಕಿಗೆ ಹೋಗಿರಬಹುದು. ಗಾರ್ಮೆಂಟ್ಸ್ ಕೆಲಸಕ್ಕೆ ಬಸ್ಸಲ್ಲಿ ಹೋಗುವ ಹೆಂಗಸಿನ ಖರ್ಚು ಪೂರ್ತಿ ಇಳಿದಿದೆ. ಮೆಟ್ರೊದಲ್ಲಿ ಹೋಗುವ ಅವರ ಪಕ್ಕದ ಮನೆಯವರ ಖರ್ಚು ಏರಿದೆ. ಉಚಿತವಾದದ್ದನ್ನು ಬೆಲೆ ಸೂಚ್ಯಂಕದಲ್ಲಿ ಹೇಗೆ ಹಿಡಿಯಬೇಕೆಂಬುದು ಅಂಕಿಅಂಶದವರಿಗೂ ತಲೆನೋವು. 2023ರಿಂದ ಪಡಿತರ ಅಕ್ಕಿ ಗೋಧಿ ಪೂರ್ತಿ ಉಚಿತವಾದಾಗ ಇದೇ ಚರ್ಚೆ ರಾಷ್ಟ್ರ ಮಟ್ಟದಲ್ಲೂ ನಡೆಯಿತು. ಬೆಲೆ ಸೊನ್ನೆಯಾದರೆ ಶೇಕಡಾವಾರು ಏರಿಳಿಕೆ ಲೆಕ್ಕವೇ ಕೂರುವುದಿಲ್ಲ.

ಬೆಲೆ ಅದೇ ಇಟ್ಟು ಪ್ಯಾಕೆಟ್ ಸಣ್ಣ ಮಾಡ್ತಾರಲ್ಲ, ಆ ಮೋಸ ಸಿಕ್ಕಿಬೀಳುತ್ತಾ?

ತಕ್ಕಮಟ್ಟಿಗೆ ಹೌದು. ಬೆಲೆ ಬರೆದುಕೊಳ್ಳುವವರು ಪ್ರಮಾಣವನ್ನೂ ಬರೆದುಕೊಳ್ಳುತ್ತಾರೆ. ನೂರು ಗ್ರಾಂ ಬಿಸ್ಕತ್ತು 80 ಗ್ರಾಂ ಆದರೆ ಅದು ಬೆಲೆ ಏರಿಕೆಯೇ.

ನಂದಿನಿ ಹಾಲಿನದ್ದು ಚೆನ್ನಾದ ಉದಾಹರಣೆ. 2024ರ ಜೂನ್‌ನಲ್ಲಿ ನೀಲಿ ಪ್ಯಾಕೆಟ್‌ನ ಲೀಟರ್ ಬೆಲೆ 42ರಿಂದ 44 ಆಯಿತು, ಜೊತೆಗೆ 50 ಮಿಲಿ ಹಾಲು ಜಾಸ್ತಿ ಕೊಟ್ಟರು. ಗಲಾಟೆ ದೊಡ್ಡದಾಯಿತು, ಆದರೆ ಲೀಟರ್ ಲೆಕ್ಕದಲ್ಲಿ ಬೆಲೆ ಏರಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ಹೋಯಿತು, ಲೀಟರ್‌ಗೆ 46 ಆಯಿತು. ಪ್ಯಾಕೆಟ್ ನೋಡಿದವರಿಗೆ 2 ರೂಪಾಯಿ ಏರಿಕೆ, ಹಾಲು ಅಳೆದವರಿಗೆ 4 ರೂಪಾಯಿ.

ಸಿಕ್ಕಿಬೀಳದೇ ಇರುವುದು ಗುಣಮಟ್ಟ. ದರ್ಶಿನಿಯ ಇಡ್ಲಿ ಸ್ವಲ್ಪ ಚಿಕ್ಕದಾದರೆ, ಚಟ್ನಿಯಲ್ಲಿ ಕಾಯಿ ಕಡಿಮೆ ಆಗಿ ಹುರಿಗಡಲೆ ಜಾಸ್ತಿಯಾದರೆ ಯಾವ ಸೂಚ್ಯಂಕವೂ ಹಿಡಿಯಲಾರದು.

ನಾವು ಮಂಗಳೂರಿನವರು. ತೆಂಗಿನೆಣ್ಣೆ ಬೆಲೆ ನೋಡಿದ್ರೆ ಹಣದುಬ್ಬರ ಇಳಿದಿದೆ ಅನ್ನೋ ಮಾತೇ ನಗು ತರಿಸುತ್ತೆ.

2025ರಲ್ಲಿ ತೆಂಗಿನೆಣ್ಣೆ ಬೆಲೆ ಒಂದೇ ವರ್ಷದಲ್ಲಿ ದುಪ್ಪಟ್ಟು ದಾಟಿತು. ದೇಶದ ಬುಟ್ಟಿಯಲ್ಲಿ ಅದರ ಪಾಲು ಲೆಕ್ಕಕ್ಕಿಲ್ಲದಷ್ಟು. ಕರಾವಳಿಯಲ್ಲಿ ಹಾಗಲ್ಲ, ಕೇರಳದಲ್ಲಂತೂ ಅದಿಲ್ಲದೆ ಅಡುಗೆಯೇ ಇಲ್ಲ. ಮೇಲೆ ಹೇಳಿದ 2025ರ ಅಕ್ಟೋಬರ್‌ನಲ್ಲಿ ದೇಶದ್ದು 0.25 ಇದ್ದಾಗ ಕೇರಳದ ಹಣದುಬ್ಬರ ಶೇ 8 ದಾಟಿತ್ತು. ಕರ್ನಾಟಕದ್ದು ಶೇ 2ರ ಮೇಲಿತ್ತು. ಒಂದೇ ತಿಂಗಳು, ಒಂದೇ ಸರ್ಕಾರಿ ಕಚೇರಿಯ ಲೆಕ್ಕ.

ರಾಜ್ಯವಾರು ಅಂಕಿಯನ್ನೂ, ಹಳ್ಳಿ ಪಟ್ಟಣದ ಬೇರೆ ಬೇರೆ ಅಂಕಿಯನ್ನೂ ಅದೇ ದಿನ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹಾಕುತ್ತಾರೆ. ಟಿವಿಯವರು ಅದನ್ನು ಓದುವುದಿಲ್ಲ, ಅಷ್ಟೇ. ರಾಜ್ಯದ ಒಳಗೆ ಮಂಗಳೂರು, ಕಲಬುರಗಿ ಎಂದು ಬೇರೆ ಬೇರೆ ಸಿಪಿಐ ಮಾತ್ರ ಸಿಗುವುದಿಲ್ಲ. ಜೋಳ ತಿನ್ನುವ ಮನೆ, ಕುಚ್ಚಲಕ್ಕಿ ತಿನ್ನುವ ಮನೆ ಎರಡಕ್ಕೂ ಒಂದೇ ಕರ್ನಾಟಕ.

ನನ್ನ ಮನೆಯ ಹಣದುಬ್ಬರ ನಾನೇ ಲೆಕ್ಕ ಹಾಕಬಹುದಾ?

ಖಂಡಿತ. ಹೋದ ವರ್ಷದ ಒಂದು ತಿಂಗಳ ಖರ್ಚನ್ನು ಐದಾರು ಬಾಬ್ತುಗಳಾಗಿ ಬರೆಯಿರಿ. ಅಷ್ಟನ್ನೇ ಈಗ ಕೊಂಡರೆ ಎಷ್ಟಾಗುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. "ಅಷ್ಟನ್ನೇ" ಎಂಬುದು ಮುಖ್ಯ. ಹೋದ ವರ್ಷ ಇಲ್ಲದ ಎರಡನೇ ಫೋನ್, ಆನ್‌ಲೈನ್ ಊಟದ ಖರ್ಚು ಸೇರಿಸಿದರೆ ಅದು ಹಣದುಬ್ಬರ ಅಲ್ಲ, ಬದುಕಿನ ಮಟ್ಟ ಏರಿದ್ದು.

ಒಂದು ಕಲ್ಪಿತ ಮನೆ ನೋಡಿ. ಬೆಂಗಳೂರು, ತಿಂಗಳಿಗೆ 50 ಸಾವಿರ ಖರ್ಚು. ಬಾಡಿಗೆ 18 ಸಾವಿರ, ಶೇ 10 ಏರಿತು: 1,800 ಜಾಸ್ತಿ. ದಿನಸಿ ತರಕಾರಿ 12 ಸಾವಿರ, ಶೇ 2 ಇಳಿಯಿತು: 240 ಉಳಿತಾಯ. ಫೀಸು 8 ಸಾವಿರ, ಶೇ 12 ಏರಿಕೆ: 960. ಓಡಾಟ 5 ಸಾವಿರ, ಶೇ 6: 300. ಉಳಿದದ್ದು 7 ಸಾವಿರ, ಶೇ 4: 280. ಒಟ್ಟು 3,100 ಜಾಸ್ತಿ, ಅಂದರೆ ಶೇ 6.2.

ಈಗ ಹಳ್ಳಿಯಲ್ಲಿ ಸ್ವಂತ ಮನೆಯಲ್ಲಿರುವ ವಯಸ್ಸಾದ ದಂಪತಿ. ತಿಂಗಳಿಗೆ 15 ಸಾವಿರ. ಊಟಕ್ಕೆ 8 ಸಾವಿರ, ಶೇ 4 ಇಳಿಕೆ: 320 ಉಳಿತಾಯ. ಔಷಧಿ 3 ಸಾವಿರ, ಶೇ 5: 150. ಉಳಿದದ್ದು 4 ಸಾವಿರ, ಶೇ 3: 120. ಅವರ ಖರ್ಚು 50 ರೂಪಾಯಿ ಇಳಿದಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಬ್ಯಾಂಕ್ ಎಫ್‌ಡಿಗೆ 7 ಪರ್ಸೆಂಟ್ ಬರುತ್ತೆ, ಹಣದುಬ್ಬರ 2. ಲಾಭವೇ ಅಲ್ವಾ?

ತೆರಿಗೆ ಕಳೆಯಿರಿ. ಶೇ 20ರ ಹಂತದಲ್ಲಿದ್ದರೆ 7ರಲ್ಲಿ ಕೈಗೆ ಉಳಿಯುವುದು 5.6. ನಿಮ್ಮ ಮನೆಯ ಹಣದುಬ್ಬರ ಮೇಲಿನ ಬೆಂಗಳೂರು ಮನೆಯ ಹಾಗೆ 6.2 ಇದ್ದರೆ ದುಡ್ಡು ಸಣ್ಣಗೆ ಕರಗುತ್ತಿದೆ. ಇಲ್ಲಿ ಹಾಕಿಕೊಳ್ಳಬೇಕಾದ್ದು ಟಿವಿಯ ಅಂಕಿಯನ್ನಲ್ಲ, ನಿಮ್ಮದನ್ನು.

## ಇನ್ನಷ್ಟು ಆಳಕ್ಕೆ

ನೇರವಾಗಿ ಹೇಳಿ: ಸರ್ಕಾರ ಅಂಕಿ ತಿದ್ದುತ್ತಾ?

ಸಿಪಿಐ ಬೆಲೆಗಳನ್ನೇ ತಿದ್ದುತ್ತಾರೆ ಎಂದು ನಂಬಲು ನನಗೆ ಕಾರಣ ಕಂಡಿಲ್ಲ. ತೂಕಗಳು, ವಿಧಾನ, ಬಾಬ್ತುವಾರು ಸೂಚ್ಯಂಕ ಎಲ್ಲ ಬಹಿರಂಗ. 2022ರಲ್ಲಿ ಹಣದುಬ್ಬರ ಸತತ ಮೂರು ತ್ರೈಮಾಸಿಕ ಶೇ 6ರ ಮೇಲೆ ನಿಂತಿತು. ಹಣದುಬ್ಬರವನ್ನು ಶೇ 4ರ ಸುತ್ತ, ಶೇ 6 ದಾಟದಂತೆ ಇಡುವುದು ರಿಸರ್ವ್ ಬ್ಯಾಂಕಿನ ಗುರಿ. ಅದು ತಪ್ಪಿದ್ದೇಕೆ ಎಂದು ಬ್ಯಾಂಕ್ ಕಾನೂನಿನ ಪ್ರಕಾರ ಸರ್ಕಾರಕ್ಕೆ ಪತ್ರ ಬರೆಯಬೇಕಾಯಿತು. ತಿದ್ದುವ ಅಭ್ಯಾಸ ಇದ್ದಿದ್ದರೆ ಆ ಮುಜುಗರ ತಪ್ಪಿಸಿಕೊಳ್ಳಬಹುದಿತ್ತು.

ನಿಜವಾಗಿ ತಿದ್ದಿದರೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಅರ್ಜೆಂಟೀನಾ ನೋಡಿ. 2007ರಿಂದ ಅಲ್ಲಿನ ಸರ್ಕಾರ ಅಂಕಿಅಂಶ ಸಂಸ್ಥೆಯಲ್ಲಿ ಕೈಯಾಡಿಸಿತು. ಆನ್‌ಲೈನ್ ಅಂಗಡಿಗಳ ಬೆಲೆ ಸಂಗ್ರಹಿಸಿದ ಅರ್ಥಶಾಸ್ತ್ರಜ್ಞ ಅಲ್ಬರ್ಟೊ ಕವಾಲೊ ನಿಜವಾದ ಏರಿಕೆ ಸರ್ಕಾರ ಹೇಳಿದ್ದರ ಎರಡು ಮೂರು ಪಟ್ಟು ಎಂದು ತೋರಿಸಿದರು. 2013ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಆ ದೇಶಕ್ಕೆ ಅಧಿಕೃತವಾಗಿ ಛೀಮಾರಿ ಹಾಕಿತು.

ನಮ್ಮಲ್ಲಿ ದೂರಲು ಬೇರೆಯೇ ವಿಷಯವಿದೆ. 2017–18ರ ಮನೆ ಖರ್ಚಿನ ಸಮೀಕ್ಷೆಯನ್ನು ಗುಣಮಟ್ಟ ಸರಿ ಇಲ್ಲವೆಂದು ಸರ್ಕಾರ 2019ರಲ್ಲಿ ಬಿಡುಗಡೆ ಮಾಡದೆ ಕೈಬಿಟ್ಟಿತು. ಅದರಿಂದಾಗಿ 2011–12ರ ತೂಕಗಳೇ 2026ರ ಆರಂಭದವರೆಗೆ ಓಡಿದವು. ಸ್ಮಾರ್ಟ್‌ಫೋನ್ ಅಪರೂಪವಾಗಿದ್ದ ಕಾಲದ ಮನೆಯನ್ನು ಇಟ್ಟುಕೊಂಡು ಇಂದಿನ ಮನೆಯ ಹಣದುಬ್ಬರ ಅಳೆದೆವು. ಬುಟ್ಟಿಯಲ್ಲಿ ಟೇಪ್ ರೆಕಾರ್ಡರ್, ಕ್ಯಾಸೆಟ್ ಕೂಡ ಇದ್ದವು! ಯಾರೂ ಸುಳ್ಳು ಬರೆಯದೇ ಇದ್ದರೂ ಅಂಕಿ ದಾರಿ ತಪ್ಪುವುದು ಹೀಗೆ.

ಹೊಸ ಸರಣಿಯಲ್ಲಿ ಆಹಾರದ ತೂಕ ಇಳಿಸಿದ್ದಾರೆ. ಬೆಲೆ ಏರಿಕೆ ಮುಚ್ಚಿಡೋ ಕೈಚಳಕ ಅಲ್ವಾ ಇದು?

2026ರ ಫೆಬ್ರವರಿಯಲ್ಲಿ ಬಂದ 2024 ಆಧಾರ ವರ್ಷದ ಸರಣಿಯಲ್ಲಿ ಆಹಾರದ ತೂಕ 46ರಿಂದ ಸುಮಾರು 37ಕ್ಕೆ ಇಳಿದಿದೆ. ಅನುಮಾನ ಸಹಜ. ಆದರೆ ಈ ತೂಕ ಬಂದದ್ದು 2023–24ರ ಸಮೀಕ್ಷೆಯಿಂದ. 2011–12ರಲ್ಲಿ ಹಳ್ಳಿಯ ಮನೆಗಳ ಖರ್ಚಿನಲ್ಲಿ ಊಟದ ಪಾಲು ಶೇ 53ರ ಹತ್ತಿರ ಇತ್ತು. 2023–24ರಲ್ಲಿ ಶೇ 47. ಪಟ್ಟಣಗಳಲ್ಲಿ ಶೇ 42.6 ಇದ್ದದ್ದು 40ಕ್ಕೂ ಕೆಳಗೆ ಬಂದಿದೆ. ಆದಾಯ ಏರಿದ ಹಾಗೆ ಊಟದ ಪಾಲು ಇಳಿಯುವುದು ಎಲ್ಲ ದೇಶದಲ್ಲೂ ಕಂಡದ್ದೇ.

ಮುಚ್ಚಿಡುವುದೇ ಉದ್ದೇಶವಾದರೆ ಇದು ದಡ್ಡ ಉಪಾಯ. ಟೊಮೆಟೊ ಏರಿದಾಗ ಅಂಕಿ ಮೊದಲಿನಷ್ಟು ಏರುವುದಿಲ್ಲ ನಿಜ, ಆದರೆ ತರಕಾರಿ ಕುಸಿದಾಗ ಅಂಕಿ ಮೊದಲಿನಷ್ಟು ಇಳಿಯುವುದೂ ಇಲ್ಲ. ಅಂಥ 0.25 ಇನ್ನು ಮುಂದೆ ಬರುವುದು ಕಷ್ಟ.

ಶ್ರೀಮಂತರ ಖರ್ಚು, ಬಡವರ ಖರ್ಚು ಎರಡನ್ನೂ ಸೇರಿಸಿ ಸರಾಸರಿ ಮಾಡಿದ್ರೆ ಏನು ಅರ್ಥ?

ಇದು ಒಳ್ಳೆಯ ಪ್ರಶ್ನೆ, ಯಾಕೆಂದರೆ ಆ ಸರಾಸರಿಯಲ್ಲಿ ಎಲ್ಲರಿಗೂ ಸಮಪಾಲಿಲ್ಲ. ತೂಕ ಬರುವುದು ಒಟ್ಟು ಖರ್ಚಿನಿಂದ. ತಿಂಗಳಿಗೆ ಲಕ್ಷ ಖರ್ಚು ಮಾಡುವ ಮನೆಗೆ ಹತ್ತು ಸಾವಿರದ ಮನೆಯ ಹತ್ತರಷ್ಟು ಮಾತು. ಹೀಗಾಗಿ ಅಂಕಿ ಸಾಮಾನ್ಯ ಮನೆಗಿಂತ ಸ್ವಲ್ಪ ಮೇಲಿನ ಮನೆಯ ಕಡೆಗೆ ವಾಲುತ್ತದೆ. ಬಡವರ ಮನೆಯಲ್ಲಿ ಊಟದ ಪಾಲು ಜಾಸ್ತಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2 ಸಾವಿರ ರೂಪಾಯಿ ದಾಟಿತ್ತು. ಆ ತಿಂಗಳ ಅಧಿಕೃತ ಹಣದುಬ್ಬರ ಶೇ 7.44. ದಿನಗೂಲಿ ಮನೆಗಳದ್ದು ಅದಕ್ಕಿಂತ ಜಾಸ್ತಿಯೇ ಇದ್ದಿರಬೇಕು. ತರಕಾರಿ ಕುಸಿದ 2025ರಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ, ಬಡವರಿಗೆ ಅಂಕಿಗಿಂತ ಜಾಸ್ತಿ ನಿರಾಳ.

ತುಟ್ಟಿಭತ್ಯೆ ಈ ಅಂಕಿ ನೋಡಿ ಕೊಡ್ತಾರಾ? ಕೂಲಿಯವರಿಗೆ ಏನು?

ಟಿವಿಯಲ್ಲಿ ಬರುವ ಅಂಕಿಯಿಂದಲ್ಲ. ಕೇಂದ್ರದ ತುಟ್ಟಿಭತ್ಯೆ (ಡಿಎ) ಲೆಕ್ಕಕ್ಕೆ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವೇ ಬೇರೆ ಇದೆ. ಕಾರ್ಮಿಕ ಸಚಿವಾಲಯದ ಲೇಬರ್ ಬ್ಯೂರೊ 88 ಕೇಂದ್ರಗಳಿಂದ ಬೆಲೆ ತಂದು ಮಾಡುತ್ತದೆ. ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ–ಧಾರವಾಡ ಅದರಲ್ಲಿವೆ. ಹನ್ನೆರಡು ತಿಂಗಳ ಸರಾಸರಿ ನೋಡಿ ವರ್ಷಕ್ಕೆ ಎರಡು ಸಲ ಡಿಎ ಏರಿಸುತ್ತಾರೆ.

ಕೃಷಿ ಕೂಲಿಕಾರರಿಗೆ ಮತ್ತೊಂದು ಸೂಚ್ಯಂಕ. ನರೇಗಾ ಕೂಲಿ ಏರಿಸಲು ಅದನ್ನೇ ನೋಡುತ್ತಿದ್ದರು. ಕರ್ನಾಟಕದ ದಿನಗೂಲಿ 2025ರ ಏಪ್ರಿಲ್‌ನಲ್ಲಿ 349ರಿಂದ 370 ಆಯಿತು. ಆಗ ಆ ಸೂಚ್ಯಂಕದ ಆಧಾರ ವರ್ಷ 1986–87 ಆಗಿತ್ತು. ನೂರರಲ್ಲಿ ಸುಮಾರು 69 ಪಾಲು ಬರೀ ಊಟಕ್ಕೆ. ಮೊಬೈಲ್ ರೀಚಾರ್ಜ್, ಬೈಕ್ ಪೆಟ್ರೋಲ್ ಅನ್ನುವುದೇ ಇಲ್ಲದ ಕಾಲದ ಕೂಲಿಕಾರನ ಮನೆ ಅದು. 2025ರ ಮಧ್ಯದಲ್ಲಷ್ಟೇ ಅದನ್ನು 2019ಕ್ಕೆ ತಂದರು. ಹಳೇ ತೂಕದಿಂದ ನಿಜವಾಗಿ ಪೆಟ್ಟು ತಿಂದವರು ಯಾರೆಂದರೆ ಇವರೇ ಎನ್ನುತ್ತೇನೆ. ನಗರದ ಮಧ್ಯಮ ವರ್ಗದ ದೂರು ಜೋರಾಗಿ ಕೇಳಿಸುತ್ತದೆ, ಇವರದ್ದು ಕೇಳಿಸುವುದಿಲ್ಲ.

ಖಾಸಗಿ ಅಂಗಡಿ, ಹೋಟೆಲ್, ಮನೆಗೆಲಸದವರಲ್ಲಿ ಬಹುಪಾಲು ಮಂದಿಗೆ ಯಾವ ಸೂಚ್ಯಂಕವೂ ಇಲ್ಲ. ಕೇಳಿದರೆ ಕೊಡುತ್ತಾರೆ, ಇಲ್ಲವಾದರೆ ಇಲ್ಲ.

ಎಲ್ಲರಿಗೂ ಬೆಲೆ ಜಾಸ್ತಿ ಅನಿಸುತ್ತೆ ಅಂದ್ರೆ ಎಲ್ಲರೂ ತಪ್ಪಾ?

ರಿಸರ್ವ್ ಬ್ಯಾಂಕ್ ಬೆಂಗಳೂರೂ ಸೇರಿದಂತೆ 19 ನಗರಗಳಲ್ಲಿ ಜನರನ್ನೇ ಕೇಳುತ್ತದೆ: "ನಿಮಗೆ ಹಣದುಬ್ಬರ ಎಷ್ಟು ಅನಿಸುತ್ತದೆ?" 2025ರಲ್ಲಿ ಅಧಿಕೃತ ಅಂಕಿ ಶೇ 2ರ ಸುತ್ತ ಇದ್ದಾಗಲೂ ಜನ ಹೇಳಿದ್ದು ಶೇ 7ರ ಆಸುಪಾಸು. ಸ್ವಲ್ಪ ಭಾಗ ಮನಸ್ಸಿನ ಸ್ವಭಾವ. ಈರುಳ್ಳಿ 80 ಆದದ್ದು ನೆನಪಿರುತ್ತದೆ, 25ಕ್ಕೆ ಇಳಿದದ್ದು ಮರೆತುಹೋಗುತ್ತದೆ. ದಿನಾ ಕೊಳ್ಳುವ ಹಾಲು, ಕಾಫಿ ಪುಡಿ ತಲೆಯಲ್ಲಿ ಕೂರುತ್ತವೆ, ಅಗ್ಗವಾದ ಟಿವಿ ಕೂರುವುದಿಲ್ಲ. ಆದರೆ ಇಷ್ಟೂ ಅಂತರವನ್ನು ನೆನಪಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಕೇಳಿದ್ದು ನಗರದವರನ್ನು. ನಗರದವರ ಬಾಡಿಗೆ, ಫೀಸು, ಆಸ್ಪತ್ರೆ ನಿಜಕ್ಕೂ ಸರಾಸರಿಗಿಂತ ವೇಗವಾಗಿ ಏರಿರಬಹುದು.

ಆಹಾರ ಬಿಟ್ಟು ಹಣದುಬ್ಬರ ಅಳೀಬೇಕು ಅಂತ ಕೆಲವರು ಹೇಳ್ತಾರೆ. ಊಟ ಬಿಟ್ಟು ಬದುಕೋದು ಹೇಗೆ?

ಅವರ ವಾದ ಇದು: ಮಳೆ ಕೈಕೊಟ್ಟು ಟೊಮೆಟೊ ಏರಿದರೆ ಬಡ್ಡಿ ಏರಿಸಿ ಏನೂ ಸಾಧಿಸಲಾಗದು. 2023–24ರ ಆರ್ಥಿಕ ಸಮೀಕ್ಷೆಯಲ್ಲೂ ರಿಸರ್ವ್ ಬ್ಯಾಂಕಿನ ಶೇ 4ರ ಗುರಿಯಿಂದ ಆಹಾರ ಹೊರಗಿಡುವ ಮಾತು ಬಂತು. ಬಡ್ಡಿ ದರದ ತಂತ್ರಕ್ಕೆ ಅದರಲ್ಲಿ ಹುರುಳಿದೆ. ಬದುಕಿನ ಖರ್ಚು ಅಳೆಯಲು ಖಂಡಿತ ಇಲ್ಲ. ಖರ್ಚಿನ ಅರ್ಧದ ಹತ್ತಿರ ಊಟಕ್ಕೇ ಹೋಗುವ ಮನೆಗಳ ಮುಂದೆ "ಊಟ ಬಿಟ್ಟರೆ ಎಲ್ಲ ಸರಿಯಿದೆ" ಎನ್ನುವುದು ಹೇಗೆ?

ಹಾಗಾದ್ರೆ ನಿಜವಾದ ಜೀವನ ವೆಚ್ಚ ತೋರಿಸೋ ಅಂಕಿ ಎಲ್ಲಾದ್ರೂ ಇದೆಯಾ?

ಪೂರ್ತಿಯಾಗಿ ಎಲ್ಲೂ ಇಲ್ಲ. ಮೊದಲಿನಷ್ಟೇ ನೆಮ್ಮದಿಯಾಗಿ ಬದುಕಲು ಈಗ ಕನಿಷ್ಠ ಎಷ್ಟು ಬೇಕು ಎಂದು ಅಳೆಯುವ ಸೂಚ್ಯಂಕದ ಸಿದ್ಧಾಂತವನ್ನು ರಷ್ಯಾದ ಅರ್ಥಶಾಸ್ತ್ರಜ್ಞ ಕೋನ್ಯುಸ್ 1924ರಲ್ಲೇ ಬರೆದಿದ್ದ. ಆದರೆ ನೆಮ್ಮದಿಯನ್ನು ಅಂಗಡಿಯಲ್ಲಿ ಅಳೆಯಲಾಗದು. ಹಾಗಾಗಿ ಎಲ್ಲ ದೇಶಗಳೂ ಬುಟ್ಟಿಯ ಬೆಲೆಗೇ ನಿಲ್ಲುತ್ತವೆ.

ಹತ್ತಿರ ಬಂದವರು ಬ್ರಿಟನ್ನಿನವರು. ಅವರ ಅಂಕಿಅಂಶ ಕಚೇರಿ ಸಿಪಿಐ ಜೊತೆಗೆ ಮನೆಗಳ ವೆಚ್ಚದ ಸೂಚ್ಯಂಕವೊಂದನ್ನು ಬೇರೆಯಾಗಿ ಕೊಡುತ್ತದೆ. ಅದರಲ್ಲಿ ಮನೆ ಸಾಲದ ಬಡ್ಡಿ ಸೇರುತ್ತದೆ. ಪ್ರತಿ ಮನೆಗೂ ಒಂದೇ ತೂಕ, ಖರ್ಚು ಜಾಸ್ತಿ ಎಂದು ಮಾತು ಜಾಸ್ತಿ ಇಲ್ಲ. ಬಾಡಿಗೆದಾರರು, ಸಾಲಗಾರರು, ಕಡಿಮೆ ಆದಾಯದವರು, ನಿವೃತ್ತರು ಎಂದು ಬೇರೆ ಬೇರೆ ಅಂಕಿ ಸಿಗುತ್ತವೆ.

ನಮ್ಮಲ್ಲಿ ಅಂಥದ್ದು ಮಾಡಲು ಹೊಸ ಸಮೀಕ್ಷೆಯೇನೂ ಬೇಕಿಲ್ಲ. ಯಾವ ವರ್ಗದ ಮನೆ ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತದೆ ಎಂಬುದು 2023–24ರ ಸಮೀಕ್ಷೆಯಲ್ಲಿದೆ. ಬಾಬ್ತುವಾರು ಬೆಲೆ ಪ್ರತಿ ತಿಂಗಳು ಬರುತ್ತದೆ. ಎರಡನ್ನೂ ಕೂಡಿಸಿ 12ನೇ ತಾರೀಖು ಒಂದು ಅಂಕಿಯ ಬದಲು ಐದು ಅಂಕಿ ಕೊಡಬಹುದು.